ಮದುವೆಗೆ ಪೂರ್ತಿ, ಓದಿಗೆ ಅರ್ಧ: ಕಾಲೇಜು ಫೀಸಿನ ಲೆಕ್ಕದಲ್ಲಿ ಸುಕನ್ಯಾ ಸಮೃದ್ಧಿ ಖಾತೆ

ಮಗಳ ಕಾಲೇಜು ಫೀಸಿಗೆಂದು ಸುಕನ್ಯಾ ಸಮೃದ್ಧಿ ಖಾತೆ (ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಕೇಂದ್ರ ಸರ್ಕಾರದ ಉಳಿತಾಯ ಖಾತೆ) ತೆರೆದವರು ಪಾಸ್‌ಬುಕ್ಕಿನಲ್ಲಿ ಎರಡು ದಿನಾಂಕಗಳನ್ನು ನೋಡಿಕೊಳ್ಳಬೇಕು. ಒಂದು ಮಗಳು ಹುಟ್ಟಿದ ದಿನ, ಇನ್ನೊಂದು ಖಾತೆ ತೆರೆದ ದಿನ. ಫೀಸು ಕಟ್ಟುವ ಹೊತ್ತಿಗೆ ಎಷ್ಟು ದುಡ್ಡು ಕೈಗೆ ಬರುತ್ತದೆ ಎಂಬುದು ಇವೆರಡರ ನಡುವಿನ ಅಂತರದಲ್ಲೇ ಅಡಗಿದೆ. ಮಗಳಿಗೆ 21 ತುಂಬಿದಾಗ ಹಣವೆಲ್ಲ ಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಖಾತೆಗೆ 21 ವರ್ಷ ತುಂಬಬೇಕು. ಮಗಳಿಗೆ ಒಂಬತ್ತಾದಾಗ ತೆರೆದ ಖಾತೆ ಅವಳ ಮೂವತ್ತನೇ ವಯಸ್ಸಿಗೆ ಮೆಚ್ಯೂರ್ ಆಗುತ್ತದೆ. ಆ ಹೊತ್ತಿಗೆ ಅವಳ ಓದು ಮುಗಿದು ಎಷ್ಟೋ ವರ್ಷವಾಗಿರುತ್ತದೆ.

ಈ ಯೋಜನೆ ಶುರುವಾದದ್ದು 2015ರ ಜನವರಿ 22ರಂದು. ಅಂದರೆ 21 ವರ್ಷ ಪೂರ್ತಿಯಾದ ಮೊದಲ ಖಾತೆಗಳು 2036ರಲ್ಲಿ ಸಿಗುತ್ತವೆ. ಆದರೆ ಆಗ ಏಳೆಂಟು ವರ್ಷದವರಾಗಿದ್ದ ಹುಡುಗಿಯರು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಹಾಗಾಗಿ ಅವಧಿಗೆ ಮುನ್ನವೇ ಓದಿಗೆಂದು ಅರ್ಧ ಹಣ ತೆಗೆಯುವ ನಿಯಮ ಈಗ ಅನೇಕ ಮನೆಗಳಲ್ಲಿ ನಿಜವಾದ ಪರೀಕ್ಷೆಗೆ ಬಿದ್ದಿದೆ.

ಬಡ್ಡಿಯ ವಿಷಯದಲ್ಲಿ ತಕರಾರಿಲ್ಲ. 2020ರ ಏಪ್ರಿಲ್‌ನಿಂದ ಮೂರು ವರ್ಷ ಶೇ 7.6ರಲ್ಲೇ ನಿಂತಿದ್ದ ದರ 2023ರಲ್ಲಿ ಶೇ 8ಕ್ಕೆ, 2024ರ ಜನವರಿಯಲ್ಲಿ ಶೇ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಘೋಷಿಸುತ್ತದೆ, ಆದ್ದರಿಂದ ಇದೇ ದರ ಕೊನೆಯವರೆಗೂ ಇರುತ್ತದೆಂದು ಯಾರೂ ಭರವಸೆ ಕೊಡಲಾರರು. ಬಡ್ಡಿಗೆ ತೆರಿಗೆಯಿಲ್ಲ. ಕಟ್ಟಿದ ಹಣಕ್ಕೆ ವಿನಾಯಿತಿ ಬೇಕಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿಯಬೇಕು.

ವರ್ಷಕ್ಕೆ 60,000 ರೂಪಾಯಿ, ಏಪ್ರಿಲ್ ಮೊದಲ ವಾರದಲ್ಲೇ ಒಂದೇ ಕಂತು, ಮಗು ಹುಟ್ಟಿದ ವರ್ಷವೇ ಖಾತೆ, ದರ ಶೇ 8.2 ಎಂದು ಇಟ್ಟುಕೊಳ್ಳಿ. ಹಣ ಕಟ್ಟಬೇಕಾದದ್ದು 15 ವರ್ಷ ಮಾತ್ರ, ಒಟ್ಟು 9 ಲಕ್ಷ. ಹದಿನೆಂಟು ವರ್ಷ ತುಂಬಿದಾಗ ಖಾತೆಯಲ್ಲಿ ಸುಮಾರು 22 ಲಕ್ಷ 68 ಸಾವಿರ ಇರುತ್ತದೆ. ಓದಿಗೆ ತೆಗೆಯಬಹುದಾದದ್ದು ಅದರ ಅರ್ಧ, ಅಂದರೆ 11 ಲಕ್ಷ 34 ಸಾವಿರ. ಇದೇ 60,000ವನ್ನು ಮಗಳಿಗೆ ಒಂಬತ್ತಾದಾಗ ಕಟ್ಟಲು ಶುರುಮಾಡಿದರೆ, ಹದಿನೆಂಟಕ್ಕೆ ಇರುವುದು ಸುಮಾರು 8 ಲಕ್ಷ 17 ಸಾವಿರ, ಸಿಗುವುದು 4 ಲಕ್ಷ ಚಿಲ್ಲರೆ. ಮಿಕ್ಕ ಅರ್ಧಕ್ಕೆ ಮತ್ತೆ ಹನ್ನೆರಡು ವರ್ಷ ಕಾಯಬೇಕು. ಹತ್ತು ವರ್ಷದೊಳಗೆ ಯಾವಾಗ ಬೇಕಾದರೂ ತೆರೆಯಬಹುದು ಎಂದು ಜಾಹೀರಾತು ಹೇಳುವುದು ಸರಿಯೇ. ಆದರೆ ಫೀಸಿಗೆಂದು ತೆರೆಯುವವರು ಮಗಳ ಮೊದಲ ಹುಟ್ಟುಹಬ್ಬದೊಳಗೆ ತೆರೆಯಬೇಕು. ಐದು ದಾಟಿದ್ದರೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಹಣ ಕಟ್ಟುವ ತಾರೀಖು ಸಣ್ಣ ವಿಷಯವಲ್ಲ. ಪ್ರತಿ ತಿಂಗಳು 5ನೇ ತಾರೀಖಿನ ಕೊನೆಯಿಂದ ತಿಂಗಳ ಅಂತ್ಯದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಹಾಕುತ್ತಾರೆ. 6ಕ್ಕೆ ಕಟ್ಟಿದ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ. ತಿಂಗಳಿಗೆ 5,000 ಕಟ್ಟುವವರು ಪ್ರತಿ ಸಲ 5 ದಾಟಿಸಿದರೆ ಮೆಚ್ಯೂರಿಟಿ ಹೊತ್ತಿಗೆ ಸುಮಾರು 18,000 ಕಳೆದುಕೊಳ್ಳುತ್ತಾರೆ. ತಿಂಗಳ ಕಂತಿನ ಬದಲು ಅದೇ 60,000ವನ್ನು ಏಪ್ರಿಲ್ 5ರೊಳಗೆ ಒಟ್ಟಿಗೆ ಕಟ್ಟಿದರೆ 21 ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಜಾಸ್ತಿ ಸಿಗುತ್ತದೆ. ಅಡಿಕೆಯೋ ಕಾಫಿಯೋ ಮಾರಿದ ದುಡ್ಡು ವರ್ಷಕ್ಕೊಮ್ಮೆ ಕೈಸೇರುವ ಮನೆಗಳಿಗೆ ಇದು ಹೇಳಿಮಾಡಿಸಿದ ಕ್ರಮ. ಅಂಚೆ ಕಚೇರಿಯ ಖಾತೆಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ (ಐಪಿಪಿಬಿ) ಆ್ಯಪ್‌ನಿಂದಲೂ ಕಟ್ಟಬಹುದು.

ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. ಕನಿಷ್ಠವನ್ನೂ ಕಟ್ಟದೆ ಬಿಟ್ಟರೆ ಪ್ರತಿ ವರ್ಷಕ್ಕೆ 50 ರೂಪಾಯಿ ದಂಡ ಕೊಟ್ಟು ಸರಿಪಡಿಸಿಕೊಳ್ಳಬಹುದು.

ರಾಜ್ಯದ ಬಿಪಿಎಲ್ ಕುಟುಂಬಗಳು ಒಂದು ಸಂಗತಿ ಗಮನಿಸಬೇಕು. 2020ರ ಏಪ್ರಿಲ್‌ನಿಂದ ಭಾಗ್ಯಲಕ್ಷ್ಮಿ ಯೋಜನೆಯ ಹಣ ಸುಕನ್ಯಾ ಸಮೃದ್ಧಿ ಖಾತೆಗೇ ಹೋಗುತ್ತದೆ, ವರ್ಷಕ್ಕೆ 3,000ದಂತೆ 15 ವರ್ಷ. ಒಬ್ಬ ಹುಡುಗಿಗೆ ಒಂದೇ ಖಾತೆ ಎಂಬುದು ನಿಯಮ. ಅಂಗನವಾಡಿ ಮೂಲಕ ಅರ್ಜಿ ಹಾಕಿದ್ದವರು ಬ್ಯಾಂಕಿನಲ್ಲಿ ಹೊಸದೊಂದು ತೆರೆಯುವ ಮೊದಲು ಮಗಳ ಹೆಸರಲ್ಲಿ ಆಗಲೇ ಖಾತೆ ಇದೆಯೇ ಎಂದು ವಿಚಾರಿಸಿಕೊಳ್ಳಲಿ. ಇನ್ನೊಂದು ತೊಡಕು ಅಜ್ಜ-ಅಜ್ಜಿ ತೆರೆದ ಖಾತೆಗಳದ್ದು. ಪ್ರೀತಿಯಿಂದ ಮೊಮ್ಮಗಳ ಹೆಸರಲ್ಲಿ ತೆರೆದಿರುತ್ತಾರೆ, ಆದರೆ ಅವರು ಕಾನೂನುಬದ್ಧ ಪೋಷಕರಲ್ಲದಿದ್ದರೆ ಅಂಥ ಖಾತೆಯನ್ನು ತಂದೆ ಅಥವಾ ತಾಯಿಯ ಹೆಸರಿಗೆ ವರ್ಗಾಯಿಸಬೇಕೆಂದು 2024ರ ಅಕ್ಟೋಬರ್ 1ರಿಂದ ಸೂಚನೆ ಇದೆ. ಫೀಸಿನ ಹೊತ್ತಿಗೆ ಕೌಂಟರಿನಲ್ಲಿ ಇದು ಎದುರಾದರೆ ತಲೆನೋವು. ಈಗಲೇ ಮುಗಿಸಿಕೊಳ್ಳಿ.

ಇನ್ನು ಹಣ ತೆಗೆಯುವ ಬಗೆ. ಇಲ್ಲೇ ಹೆಚ್ಚಿನವರು ಎಡವುವುದು.

ಹದಿನೆಂಟು ತುಂಬಿರಬೇಕು ಅಥವಾ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಎರಡರಲ್ಲಿ ಯಾವುದು ಮೊದಲೋ ಅದು. ಹಾಗಾಗಿ ಹದಿನೇಳೂವರೆಗೆ ಪದವಿಗೆ ಸೇರುವ ಹುಡುಗಿಯ ಹಣಕ್ಕೆ ಹುಟ್ಟುಹಬ್ಬದವರೆಗೆ ಕಾಯಬೇಕಿಲ್ಲ, ಅಂಕಪಟ್ಟಿ ಸಾಕು. ಮಿತಿ ಹಿಂದಿನ ಮಾರ್ಚ್ 31ಕ್ಕೆ ಇದ್ದ ಮೊತ್ತದ ಅರ್ಧ. ಫೀಸಿಗೆಂದೇ ಜೂನ್‌ನಲ್ಲಿ ದೊಡ್ಡ ಮೊತ್ತ ಕಟ್ಟಿ ಜುಲೈನಲ್ಲಿ ತೆಗೆಯುತ್ತೇನೆಂದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ವರ್ಷಕ್ಕೆ ಒಂದೇ ಸಲ, ಹೆಚ್ಚೆಂದರೆ ಐದು ವರ್ಷ ತೆಗೆಯಬಹುದು. ಕಾಲೇಜು ಕೊಟ್ಟ ಪ್ರವೇಶ ಪತ್ರ ಅಥವಾ ಫೀಸಿನ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಕೊಡುತ್ತಾರೆ. ಸೆಮಿಸ್ಟರಿಗೊಂದು ಚೀಟಿ ಕೊಡುವ ಕಾಲೇಜಾದರೆ ಎರಡನೆಯ ಸಲ ತೆಗೆಯಲು ಅದೇ ವರ್ಷ ಅವಕಾಶವಿಲ್ಲ. ಇಡೀ ವರ್ಷದ ಮೊತ್ತ ನಮೂದಿಸಿದ ಚೀಟಿಯನ್ನೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಪಡೆಯಿರಿ. ಲ್ಯಾಪ್‌ಟಾಪು, ಹೊರಗಿನ ಪಿಜಿ ಬಾಡಿಗೆ, ರಸೀದಿಯಿಲ್ಲದ ಡೊನೇಷನ್ ಇವು ಆ ಚೀಟಿಯಲ್ಲಿ ಇರುವುದಿಲ್ಲ, ಆದ್ದರಿಂದ ಅವಕ್ಕೆ ಈ ಖಾತೆಯಿಂದ ಹಣವೂ ಇಲ್ಲ.

ಸಹಿಯ ಗೊಂದಲವೂ ಇದೆ. ಹದಿನೆಂಟರವರೆಗೆ ಪೋಷಕರ ಸಹಿ, ಆಮೇಲೆ ಖಾತೆ ನಡೆಸುವವಳು ಮಗಳೇ. ಅವಳಿಗೆ ಹದಿನೆಂಟು ತುಂಬಿದ ಮೇಲೂ ಅಪ್ಪನೇ ಫಾರ್ಮಿಗೆ ಸಹಿ ಹಾಕಿ ಒಯ್ದರೆ ವಾಪಸ್ ಕಳಿಸುತ್ತಾರೆ. ಮಗಳ ಆಧಾರ್, ಪ್ಯಾನ್, ಸಹಿಯ ಮಾದರಿ ಕೊಟ್ಟು ಕೆವೈಸಿ ಮಾಡಿಸಿದ ಮೇಲಷ್ಟೇ ಮುಂದಿನ ಕೆಲಸ. ಜನನ ಪ್ರಮಾಣ ಪತ್ರದಲ್ಲಿ ಬರೀ ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಹೀಗೆ ಮೂರು ದಾಖಲೆಯಲ್ಲಿ ಮೂರು ರೂಪ ಇರುವುದು ನಮ್ಮಲ್ಲಿ ಸಾಮಾನ್ಯ. ಎಸ್ಸೆಸ್ಸೆಲ್ಸಿಗೆ ಹೆಸರು ನೋಂದಾಯಿಸುವಾಗಲೇ ಮೂರನ್ನೂ ಒಂದು ಮಾಡಿಬಿಡಿ.

ಸಿಇಟಿಯಲ್ಲಿ ಸೀಟು ಹಂಚಿಕೆಯಾದ ಮೇಲೆ ಫೀಸು ಕಟ್ಟಲು ಇರುವುದು ಕೆಲವೇ ದಿನ. ಅರ್ಜಿ, ಪರಿಶೀಲನೆ, ಮಗಳ ಉಳಿತಾಯ ಖಾತೆಗೆ ವರ್ಗಾವಣೆ ಇವೆಲ್ಲ ಅಷ್ಟರಲ್ಲಿ ಮುಗಿದೇ ತೀರುತ್ತದೆಂದು ನಂಬಿ ಕೂರಬಾರದು. ಮೊದಲ ವರ್ಷದ ಫೀಸಿನಷ್ಟನ್ನು ಎಫ್‌ಡಿಯಲ್ಲೋ ಆರ್‌ಡಿಯಲ್ಲೋ ಬೇರೆಯಾಗಿ ಇಟ್ಟುಕೊಂಡು, ಈ ಖಾತೆಯನ್ನು ಎರಡನೆಯ ವರ್ಷದಿಂದ ಬಳಸುವುದು ಕ್ಷೇಮ. ಈ ಖಾತೆಯ ಮೇಲೆ ಸಾಲವೂ ಸಿಗುವುದಿಲ್ಲ.

ನಮ್ಮ ದೊಡ್ಡ ಆಕ್ಷೇಪಣೆ ಬೇರೆಯೇ ಇದೆ. ಮಗಳಿಗೆ ಹದಿನೆಂಟು ತುಂಬಿ ಮದುವೆ ಗೊತ್ತಾದರೆ, ಮದುವೆಗೆ ಒಂದು ತಿಂಗಳ ಮುಂಚಿನಿಂದ ಮೂರು ತಿಂಗಳ ನಂತರದವರೆಗೆ ಖಾತೆಯನ್ನೇ ಮುಚ್ಚಿ ಪೂರ್ತಿ ಹಣ ಪಡೆಯಬಹುದು. ಅದೇ ವಯಸ್ಸಿನಲ್ಲಿ ಮೆಡಿಕಲ್ ಸೀಟು ಸಿಕ್ಕರೆ ಅರ್ಧ ಮಾತ್ರ. ‘ಬೇಟಿ ಪಢಾವೊ’ ಎಂಬ ಕರೆಯ ಜೊತೆಗೇ ಬಂದ ಯೋಜನೆಯಲ್ಲಿ ಈ ವ್ಯತ್ಯಾಸ ತಪ್ಪು. ಇದನ್ನು ತಿದ್ದಬೇಕು. ವೃತ್ತಿಪರ ಕೋರ್ಸಿನ ಪ್ರವೇಶ ಪತ್ರ ತೋರಿಸಿದವರಿಗಾದರೂ ಪೂರ್ತಿ ಹಣ ಬಿಡಬೇಕು.

ಅಲ್ಲಿಯವರೆಗೆ ಹೀಗೆ ಹೊಂದಿಸಿಕೊಳ್ಳಬಹುದು. ಹುಟ್ಟಿದ ವರ್ಷವೇ ತೆರೆದ ಖಾತೆಯ ಅರ್ಧ ಪದವಿಗೆ, ಉಳಿದರ್ಧ 21ಕ್ಕೆ ಎಂಬಿಎಗೋ ಎಂ.ಟೆಕ್‌ಗೋ ಸರಿಹೋಗುತ್ತದೆ. ತಡವಾಗಿ ತೆರೆದವರು ಇಲ್ಲಿಗೆ ಸಣ್ಣ ಮೊತ್ತ ಕಟ್ಟುತ್ತ, ದೊಡ್ಡ ಪಾಲನ್ನು ಬೇಕೆಂದಾಗ ತೆಗೆಯಬಹುದಾದ ಕಡೆ ಇಡುವುದು ಲೇಸು. ಗಂಡುಮಕ್ಕಳಿಗೆ ಈ ಖಾತೆಯಿಲ್ಲ. ಅವರ ಹೆಸರಲ್ಲಿ ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್) ಖಾತೆ ತೆರೆಯಬಹುದು, ಅವಧಿ 15 ವರ್ಷ, ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1. ಇಷ್ಟಾದ ಮೇಲೂ ಕೊರತೆ ಬಿದ್ದರೆ ಸರ್ಕಾರಿ ಬ್ಯಾಂಕುಗಳಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವುದಿಲ್ಲ, ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಆಯಿತು.