ಎರಡು ಜರ್ಮನ್ ಪದಕ ತರಿಸಿದೆ, ಒಂದು ಅಸಲಿ, ಒಂದು ಎರಕದ ನಕಲಿ: 5ಕ್ಕೆ 2 ಸ್ಟಾರ್

ಹಳೆ ನಾಣ್ಯ, ಪದಕ ಮಾರುವ ಒಂದು ಆನ್‌ಲೈನ್ ಅಂಗಡಿಯಿಂದ ಕಳೆದ ಮಳೆಗಾಲದಲ್ಲಿ ಎರಡು ಪದಕ ತರಿಸಿದ್ದೆ. ಅಂಗಡಿಯ ಹೆಸರು ಹಾಕುವುದಿಲ್ಲ. ದುಡ್ಡಿನ ವಿಷಯ ಮುಗಿದಿದೆ, ಮತ್ತೆ ಕೆದಕುವುದು ಬೇಡ. ಆದರೆ ಈ ಸಾಮಾನು ಕೊಳ್ಳುವವರು ಈಗ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದಂಥ ಊರಲ್ಲೂ ಇದ್ದಾರೆ, ಎಲ್ಲರೂ ಫೋಟೋ ನೋಡಿಯೇ ದುಡ್ಡು ಹಾಕುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಒಂದು, 1914ರ ಐರನ್ ಕ್ರಾಸ್, ಎರಡನೇ ದರ್ಜೆ, 9,500 ರೂಪಾಯಿ. ಇನ್ನೊಂದು, ಹಿಂಡೆನ್‌ಬರ್ಗ್ ಕ್ರಾಸ್ ಅಂತ ಕರೆಯುವ 1934ರ ಪದಕ, 2,800 ರೂಪಾಯಿ. ಪ್ಯಾಕಿಂಗ್ ತುಂಬಾ ಚೆನ್ನಾಗಿತ್ತು. ದಪ್ಪ ಡಬ್ಬಿ, ಒಳಗೆ ಸ್ಪಂಜು, ಪ್ರತಿ ಪದಕಕ್ಕೂ ಬೇರೆ ಕವರು, ಹೊರಗೆ ಜಡಿಮಳೆ ಬರುತ್ತಿದ್ದರೂ ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಆರು ದಿನಕ್ಕೆ ಬಂತು. ಅಷ್ಟಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ.

ಜರ್ಮನ್ ಪದಕವೇ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ನನ್ನ ಹತ್ತಿರ ಬ್ರಿಟಿಷರ ಕಾಲದ ಮೂರು ಪದಕ ಮೊದಲೇ ಇದ್ದವು. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಡೆ ಎಲ್ಲಾ ಒತ್ತಿರುತ್ತಾರೆ. ಯಾರ ಎದೆಯ ಮೇಲಿತ್ತು ಅಂತ ಗೊತ್ತಾಗುತ್ತದೆ. ಜರ್ಮನ್ ಪದಕದಲ್ಲಿ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಇರುವುದು ಮಾಡಿದವರ ಗುರುತು ಮಾತ್ರ, ಅದೂ ಎಲ್ಲದರಲ್ಲಿ ಇಲ್ಲ. ಆ ಎರಡಕ್ಷರ ಹುಡುಕಿ ಓದುವುದರಲ್ಲಿ ನನಗೆ ನಿಜಕ್ಕೂ ಖುಷಿ ಇದೆ. ಚಿಕ್ಕವನಿದ್ದಾಗ ಅಜ್ಜ ಮಾಡಿನ ಹಂಚು ಇಳಿಸಿ ಹಿಂಬದಿ ತಿರುಗಿಸಿ ಯಾವ ಕಾರ್ಖಾನೆಯದ್ದು ಅಂತ ಓದಿಸುತ್ತಿದ್ದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅದರ ಹಿಂದಿದ್ದ ಪ್ಲೆಬ್‌ಸ್ಟ್ ಕೂಡ ಜರ್ಮನಿಯವರೇ, ಇದೆಲ್ಲಾ ಅಜ್ಜನ ಬಾಯಲ್ಲಿ ಕೇಳಿದ್ದು. ಹಿಂಬದಿ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಹಿಂಡೆನ್‌ಬರ್ಗ್ ಕ್ರಾಸ್ ಅಸಲಿ. 1934ರ ಜುಲೈ 13ರಂದು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬರ್ಗ್ ಇದನ್ನು ಶುರು ಮಾಡಿದ್ದು, ಮೊದಲ ಯುದ್ಧದಲ್ಲಿ ಕೆಲಸ ಮಾಡಿದವರಿಗೆ. ರಣರಂಗದಲ್ಲಿ ಹೋರಾಡಿದವರಿಗೆ ಕತ್ತಿ ಇರುವ ಕ್ರಾಸ್, ಉಳಿದವರಿಗೆ ಕತ್ತಿ ಇಲ್ಲದ್ದು, ಯುದ್ಧದಲ್ಲಿ ಸತ್ತವರ ಹೆಂಡತಿಗೆ, ತಂದೆತಾಯಿಗೆ ಕಪ್ಪು ಬಣ್ಣದ್ದು. ಲಕ್ಷಗಟ್ಟಲೆ ಕೊಟ್ಟಿದ್ದಾರೆ, ಹಾಗಾಗಿ ಬೆಲೆ ಕಡಿಮೆ, ನಕಲಿ ಮಾಡುವವರಿಗೆ ಇದರಲ್ಲಿ ದೊಡ್ಡ ಲಾಭ ಇಲ್ಲ. ಹೊಸದಾಗಿ ಈ ಹವ್ಯಾಸ ಶುರು ಮಾಡುವವರು ಇದರಿಂದಲೇ ಶುರು ಮಾಡಿ, ಕೈಗೆ ಅಸಲಿಯ ರುಚಿ ಹತ್ತುತ್ತದೆ. ನನ್ನದರ ಹಿಂಬದಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ 'ಆರ್.ವಿ.', ಒಂದು ನಂಬರು, 'ಫೋರ್ಟ್ಸ್‌ಹೈಮ್' ಅಂತ ಒತ್ತಿದೆ. ಫೋರ್ಟ್ಸ್‌ಹೈಮ್ ಅಂದರೆ 1767ರಿಂದ ಆಭರಣ, ಗಡಿಯಾರ ಮಾಡಿಕೊಂಡು ಬಂದ ಊರು, ಜರ್ಮನ್ನರು ಚಿನ್ನದ ಊರು ಅಂತಲೇ ಕರೆಯುತ್ತಾರೆ. 1945ರ ಫೆಬ್ರವರಿ 23ರ ರಾತ್ರಿ ಬಾಂಬ್ ದಾಳಿಯಲ್ಲಿ ಆ ಊರು ಸುಟ್ಟುಹೋಯಿತು, ಸುಮಾರು 17 ಸಾವಿರ ಜನ ಸತ್ತರು. ಅದಕ್ಕೂ ಮೊದಲು ಅಲ್ಲಿಂದ ಹೊರಟ ಒಂದು ಸಾಮಾನು ಈಗ ಪೆರ್ಲದ ನಮ್ಮ ಮನೆಯ ಕಪಾಟಿನಲ್ಲಿದೆ. ನನಗೆ ಅದು ಸಣ್ಣ ವಿಷಯ ಅಲ್ಲ.

ಈಗ ಐರನ್ ಕ್ರಾಸ್.

ಇದು 1813ರಲ್ಲಿ ಪ್ರಷ್ಯಾದ ರಾಜ ಮೂರನೇ ಫ್ರೆಡರಿಕ್ ವಿಲಿಯಂ ಶುರು ಮಾಡಿದ ಪದಕ. ಮತ್ತೆ 1870, 1914, 1939ರಲ್ಲಿ ಹೊಸದಾಗಿ ಕೊಟ್ಟರು. 1914ರದ್ದರ ಮುಂಬದಿ ಮೇಲೆ ಕಿರೀಟ, ನಡುವೆ ಡಬ್ಲ್ಯು ಅಕ್ಷರ, ಕೆಳಗೆ ಇಸವಿ. ಹಿಂಬದಿ ನಡುವೆ ಓಕ್ ಎಲೆ, ಕೆಳಗೆ 1813. ಎರಡನೇ ದರ್ಜೆಯದ್ದನ್ನು ಆ ಯುದ್ಧದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನರಿಗೆ ಕೊಟ್ಟರು. ಅಷ್ಟು ಇದ್ದರೂ ಕೇಳುವವರೂ ತುಂಬಾ, ಹಾಗಾಗಿ ನಕಲಿಗೆ ಬರವಿಲ್ಲ.

ಅಂಗಡಿಯವರು ಫೋಟೋದ ಕೆಳಗೆ ದೊಡ್ಡದಾಗಿ ಬರೆದದ್ದು ಒಂದೇ ಮಾತು: ಬಳೆಯಲ್ಲಿ 'ಕೆ.ಒ.' ಮುದ್ರೆ ಇದೆ. ರಿಬ್ಬನ್ ಪೋಣಿಸುವ ಆ ಸಣ್ಣ ಬಳೆಯಲ್ಲೇ ಮಾಡಿದವರ ಗುರುತು ಇರುವುದು. 'ಕೆ.ಒ.' ಅಂದರೆ ಬರ್ಲಿನ್ನಿನ ರಾಜಟಂಕಸಾಲೆ. 'ಎಸ್-ಡಬ್ಲ್ಯು' ಇದ್ದರೆ ಬರ್ಲಿನ್ನಿನ ಸೈ ಅಂಡ್ ವ್ಯಾಗ್ನರ್. 'ಸಿ.ಡಿ. 800' ಇದ್ದರೆ ಫೋರ್ಟ್ಸ್‌ಹೈಮ್‌ನ ಕಾರ್ಲ್ ಡಿಲ್ಲೇನಿಯಸ್, 800 ಅನ್ನುವುದು ಬೆಳ್ಳಿಯ ಪ್ರಮಾಣ. ನಾನೂ ಮುದ್ರೆ ನೋಡಿಯೇ ದುಡ್ಡು ಹಾಕಿದೆ. ತಪ್ಪಾದದ್ದು ಅಲ್ಲಿ.

ಕೈಗೆ ತೆಗೆದುಕೊಂಡ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಅಸಲಿ ಐರನ್ ಕ್ರಾಸ್ ಮೂರು ತುಂಡು: ನಡುವೆ ಕಪ್ಪು ಬಣ್ಣ ಕೊಟ್ಟ ಕಬ್ಬಿಣ, ಅದರ ಮೇಲೆ ಒಂದು ಕೆಳಗೆ ಒಂದು ಬೆಳ್ಳಿಯ ಚೌಕಟ್ಟು, ಎರಡನ್ನೂ ಸುತ್ತ ಬೆಸುಗೆ ಹಾಕಿರುತ್ತಾರೆ. ಅಯಸ್ಕಾಂತ ಹಿಡಿಯಬೇಕು. ಅಂಗಡಿಗೆ ಫೋನ್ ಮಾಡಿದೆ. "ಸರ್, ಕಬ್ಬಿಣ ಇಲ್ಲದ ಅಸಲಿಯೂ ಇರುತ್ತದೆ" ಅಂದರು. ಆ ಮಾತು ಸುಳ್ಳಲ್ಲ, ಅಂಥವು ಕೆಲವು ಇವೆ. ಹಾಗೆಯೇ ಕಬ್ಬಿಣ ಇಟ್ಟು ಮೂರು ತುಂಡಲ್ಲಿ ಮಾಡಿದ ನಕಲಿಯೂ ಇದೆ. ಹಾಗಾಗಿ ಅಯಸ್ಕಾಂತ ಒಂದನ್ನೇ ನಂಬಿ ಯಾವ ಕಡೆಗೂ ತೀರ್ಮಾನ ಮಾಡಬೇಡಿ.

ಮರುದಿನ ಬದಿಯಡ್ಕಕ್ಕೆ ಹೋದೆ. ಅಲ್ಲಿ ನಮ್ಮ ಮನೆಯ ಬಂಗಾರದ ಕೆಲಸ ಮಾಡುವ ಆಚಾರ್ರು ಇದ್ದಾರೆ, ನಲವತ್ತು ವರ್ಷದ ಕೈ. ಜರ್ಮನಿ, ಪದಕ ಅಂತ ಏನೂ ಹೇಳಲಿಲ್ಲ, ಸುಮ್ನೆ ಕೈಗೆ ಕೊಟ್ಟೆ. ಅವರು ಕನ್ನಡಕ ಮೇಲೆ ಮಾಡಿ ಹತ್ತು ಪಟ್ಟಿನ ಲೆನ್ಸು ಕಣ್ಣಿಗೆ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ಒಂದು ನಿಮಿಷ ನೋಡಿದರು. "ಮಾಷ್ಟ್ರೇ, ಇದು ಎರಕ" ಅಂದರು. ಆಮೇಲೆ ಹಿಂಡೆನ್‌ಬರ್ಗ್ ಕ್ರಾಸ್ ಕೊಟ್ಟೆ. ಅರ್ಧ ನಿಮಿಷ ಸಾಕಾಯಿತು. "ಇದು ಅಚ್ಚು. ಒಳ್ಳೆ ಪೆಟ್ಟು ಬಿದ್ದಿದೆ."

ಎರಕ ಅಂದರೆ ಲೋಹ ಕರಗಿಸಿ ಹೊಯ್ದದ್ದು, ಅಚ್ಚು ಅಂದರೆ ಪೆಟ್ಟು ಕೊಟ್ಟು ಒತ್ತಿದ್ದು. ನನಗೂ ಲೆನ್ಸು ಕೊಟ್ಟು ತೋರಿಸಿದರು. ಅಚ್ಚಿನಲ್ಲಿ ಒತ್ತಿದ್ದರ ಅಕ್ಷರದ ಬದಿ ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರ ಇಳಿಯುತ್ತದೆ, ಅಕ್ಷರದ ಸುತ್ತಲಿನ ನೆಲ ನಯ. ಎರಕದ ಕ್ರಾಸಿನಲ್ಲಿ ನೆಲದ ಮೇಲೆ ಸೂಜಿಮೊನೆಯಷ್ಟು ಗುಳಿ, ಕಪ್ಪು ಬಣ್ಣದ ಅಡಿಯಲ್ಲೂ ಕಾಣುತ್ತದೆ. ಕರಗಿದ ಲೋಹದಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಅದು. ಚೌಕಟ್ಟಿನ ಒಳಅಂಚಿಗೆ ಸಾಲಾಗಿ ಸಣ್ಣ ಗೀರುಗಳಿರುತ್ತವೆ, ಹೊಸ ನಾಣ್ಯದ ಅಂಚಿನ ಹಾಗೆ ಎದ್ದು ಕಾಣಬೇಕು. ಇದರಲ್ಲಿ ನಾಲ್ಕೂ ಮೂಲೆಯಲ್ಲಿ ಅವು ತುಂಬಿಹೋಗಿ ಹಲ್ಲು ಸವೆದ ಅರದ ಹಾಗೆ ಆಗಿವೆ. ಅಸಲಿಯಲ್ಲಿ ಕಪ್ಪು ಕಬ್ಬಿಣ ಬೆಳ್ಳಿಯ ಅಡಿಗೆ ಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಇರುತ್ತದೆ, ಎಷ್ಟೋ ಸಲ ಅಲ್ಲಿ ಕಂದು ತುಕ್ಕೂ ಇರುತ್ತದೆ. ಇದರಲ್ಲಿ ಸಂದೇ ಇಲ್ಲ. ಎಲ್ಲಾ ಒಂದೇ ತುಂಡು, ಕಪ್ಪು ಬಣ್ಣ ಬ್ರಷ್ಷಿನಲ್ಲಿ ಬಳಿದದ್ದು, ಎರಡು ಕಡೆ ಚೌಕಟ್ಟಿನ ಮೇಲೂ ಹತ್ತಿದೆ.

ಬದಿಯ ಗೆರೆ ಮಾತ್ರ ನನ್ನನ್ನು ಮೊದಲು ಗೊಂದಲ ಮಾಡಿತ್ತು. ಗೆರೆ ಇದ್ದರೆ ಬೆಸುಗೆ, ಅಂದರೆ ಅಸಲಿ ಅಂದುಕೊಂಡಿದ್ದೆ. ಎರಕದ ಅಚ್ಚಿನ ಎರಡು ಭಾಗ ಸೇರುವಲ್ಲೂ ಗೆರೆ ಬರುತ್ತದೆ ಅಂತ ಆಚಾರ್ರು ಹೇಳಿದ ಮೇಲೆ ಗೊತ್ತಾಯಿತು. ಸ್ವಲ್ಪ ಅರ ಹಾಕಿದರೆ ಬೆಳ್ಳಿಯೋ ಅಲ್ಲವೋ ಈಗಲೇ ಹೇಳುತ್ತೇನೆ ಅಂದರು. ವಾಪಸ್ ಕಳಿಸಬೇಕಾದ ಸಾಮಾನು, ಹಾಗಾಗಿ ಬೇಡ ಅಂದೆ.

ಹಾಗಾದರೆ ಮುದ್ರೆ? ಅದು ಇತ್ತು. 'ಕೆ.ಒ.' ಅಂತಲೇ ಇತ್ತು. ಲೆನ್ಸಿನಲ್ಲಿ ನೋಡಿದರೆ ಅರ್ಧ ಸವೆದ ಸೋಪಿನ ಮೇಲಿನ ಅಕ್ಷರದ ಹಾಗೆ ಮೆತ್ತಗೆ. ಅಸಲಿ ಕ್ರಾಸಿನಿಂದ, ಅದರ ಬಳೆಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಮುದ್ರೆಯೂ ಜೊತೆಗೆ ಬಂದುಬಿಡುತ್ತದೆ ಅಲ್ವಾ. ಮುದ್ರೆ ಸರಿಯಾದದ್ದೇ, ಸಾಮಾನು ಸುಳ್ಳು. ಎರಕ ತಣಿಯುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಒಂಚೂರು ಸಣ್ಣದಾಗುತ್ತದೆ. ಎರಡನೇ ದರ್ಜೆಯ ಕ್ರಾಸ್ ಸುಮಾರು 42 ಮಿ.ಮೀ. ಅಗಲ. ಆಚಾರ್ರ ವರ್ನಿಯರ್‌ನಲ್ಲಿ ನನ್ನದು ಅದಕ್ಕಿಂತ ಅರ್ಧ ಮಿ.ಮೀ.ಗೂ ಜಾಸ್ತಿ ಕಡಿಮೆ ಬಂತು. ಮಾಡಿದವರಿಂದ ಮಾಡಿದವರಿಗೆ ಅಳತೆ ಸ್ವಲ್ಪ ಬದಲಾಗುತ್ತದೆ, ಆದರೆ ಬೇರೆಲ್ಲದರ ಜೊತೆ ಸೇರಿಸಿ ನೋಡಿದಾಗ ಇದೂ ಒಂದು ಸಾಕ್ಷಿ.

1939ರ ಪದಕ ಹುಡುಕುವವರು ಮುದ್ರೆಯ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಆ ಕಾಲದಲ್ಲಿ ಹೆಸರಿನ ಬದಲು ನಂಬರು. ಅದೂ ಎರಡು ಪಟ್ಟಿ, ಸರಕಾರ ಕೊಡಲು ಮಾಡಿಸಿದ್ದಕ್ಕೆ ಒಂದು, ಅಂಗಡಿಯಲ್ಲಿ ಮಾರುವುದಕ್ಕೆ 'ಎಲ್' ಅಕ್ಷರದಿಂದ ಶುರುವಾಗುವ ಇನ್ನೊಂದು. ಸ್ಟೈನ್‌ಹೌವರ್ ಅಂಡ್ ಲ್ಯೂಕ್ ಅನ್ನುವ ಒಂದೇ ಕಾರ್ಖಾನೆಗೆ 4 ಮತ್ತು ಎಲ್/16, ಬರ್ಲಿನ್ನಿನ ಯುಂಕರ್‌ಗೆ 2 ಮತ್ತು ಎಲ್/12. ಈ ಪಟ್ಟಿ ಈಗ ಯಾರಿಗೆ ಬೇಕಾದರೂ ಸಿಗುತ್ತದೆ, ಒಂದು ನಂಬರಿನ ಅಚ್ಚುಮೊಳೆ ಮಾಡಿಸಲು ಎಷ್ಟು ಹೊತ್ತು ಬೇಕು? ಇನ್ನೊಂದು, 1957ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿ, 1939ರದ್ದರ ಮೇಲಿದ್ದ ಸ್ವಸ್ತಿಕ ತೆಗೆದು ಓಕ್ ಎಲೆ ಇರುವ ಕ್ರಾಸ್ ಧರಿಸಲು ಬಿಟ್ಟಿತು. ಅವು ನಕಲಿ ಅಲ್ಲ. ಆದರೆ ಯುದ್ಧಕಾಲದ್ದು ಅಂತ ಮಾರಿದರೆ ಅದು ಮೋಸವೇ.

ರಿಬ್ಬನ್ ಬಗ್ಗೆಯೂ ಹೇಳಬೇಕು. ಪೇಟೆಯ ಅಡಿಕೆ ಅಂಗಡಿಯಲ್ಲಿ ನೋಟು ನೋಡುವ ನೀಲಿ ಲೈಟ್ ಇತ್ತು, ಅದರ ಅಡಿ ಹಿಡಿದೆ. ಐರನ್ ಕ್ರಾಸಿನ ರಿಬ್ಬನ್ನಿನ ಬಿಳಿ ಪಟ್ಟೆ ಶಾಲೆಯ ಯೂನಿಫಾರ್ಮ್ ಅಂಗಿಯ ಹಾಗೆ ಫಳಫಳ ಹೊಳೆಯಿತು. ಆ ಹೊಳಪು ಹೊಸ ಕಾಲದ ಬಿಳಿಮಾಡುವ ರಾಸಾಯನಿಕದ್ದು. ಹಳೆ ರಿಬ್ಬನ್ನನ್ನು ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ, ಹಾಳಾದ ರಿಬ್ಬನ್ ಬದಲಿಸಿದವರೂ ಇದ್ದಾರೆ. ಹಾಗಾಗಿ ರಿಬ್ಬನ್ ನೋಡಿ ಪದಕಕ್ಕೆ ತೀರ್ಪು ಕೊಡಬಾರದು.

ಆ ಅಂಗಡಿಯ ಮೇಲೆ ನನ್ನ ನಿಜವಾದ ಬೇಸರ ನಕಲಿ ಕಳಿಸಿದ್ದಕ್ಕಲ್ಲ, ಅವರಿಗೂ ಯಾರೋ ಮಾರಿರಬಹುದು. ಬದಿಯ ಫೋಟೋ, ಬಳೆಯ ಹತ್ತಿರದ ಫೋಟೋ ಕೊಳ್ಳುವ ಮೊದಲು ಎರಡು ಸಲ ಕೇಳಿದ್ದೆ. ಕೊಡಲಿಲ್ಲ. ಅದರ ಬದಲು 'ಅಸಲಿ' ಅಂತ ಸಹಿ ಹಾಕಿದ ಒಂದು ಕಾಗದ ಡಬ್ಬಿಯಲ್ಲಿ ಇಟ್ಟರು. ಯಾರು ಪರೀಕ್ಷೆ ಮಾಡಿದ್ದು, ಏನು ನೋಡಿದ್ದು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಮುಂದುಗಡೆಯ ಒಂದೇ ಫೋಟೋ, ಮುದ್ರೆಯ ಹೆಸರು, ಒಂದು ಕಾಗದ, ಇಷ್ಟಕ್ಕೆ ಇನ್ನು ಮೇಲೆ ನಾನು ಒಂದು ರೂಪಾಯಿಯೂ ಕೊಡುವುದಿಲ್ಲ. ಮುಂದೆ, ಹಿಂದೆ, ಬದಿ, ಬಳೆ, ನಾಲ್ಕೂ ಕೊಡಬೇಕು, ಅಯಸ್ಕಾಂತ ಹಿಡಿದ ಸಣ್ಣ ವಿಡಿಯೋ ಕೊಟ್ಟರೆ ಇನ್ನೂ ಒಳ್ಳೆಯದು.

ಲೆನ್ಸಿನಲ್ಲಿ ತೆಗೆದ ಏಳು ಫೋಟೋ ಕಳಿಸಿದ ಮೇಲೆ ವಾಪಸ್ ತೆಗೆದುಕೊಳ್ಳಲು ಒಪ್ಪಿದರು. ಹೋಗುವ ಕೊರಿಯರ್ ಖರ್ಚು ನನ್ನದೇ. 9,500 ಹದಿನೆಂಟು ದಿನಕ್ಕೆ ಖಾತೆಗೆ ಬಂತು. ಆದರೆ ಅದೇ ಕ್ರಾಸ್, ಅದೇ ಫೋಟೋ, ಮುಂದಿನ ವಾರ ಮತ್ತೆ ಅವರ ಪಟ್ಟಿಯಲ್ಲಿ ಕಂಡಿತು. ಮೂರನೇ ಸ್ಟಾರ್ ಕೊಡಬೇಕು ಅಂತಿದ್ದೆ, ಅದನ್ನು ನೋಡಿ ಬಿಟ್ಟೆ.

ಹಿಂಡೆನ್‌ಬರ್ಗ್ ಕ್ರಾಸನ್ನು ಆಟಿ ತಿಂಗಳ ಮಳೆಯ ತೇವಕ್ಕೆ ಹೆದರಿ ಸಿಲಿಕಾ ಪೊಟ್ಟಣ ಹಾಕಿದ ಸ್ಟೀಲಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದೂ ಕಬ್ಬಿಣವೇ, ಮೇಲೆ ಕಂಚಿನ ಬಣ್ಣ ಮಾತ್ರ. ಉಜ್ಜಿ ಹೊಳಪು ಮಾಡಲು ಹೋಗಿಲ್ಲ.