ಪಾಂಬನ್‌ನ ಹೊಸ ರೈಲು ಸೇತುವೆ: ಕಾರವಾರದಿಂದ ಹೋಗಿ ಕಂಡದ್ದು

ಮದುರೈಯಿಂದ ರಾಮೇಶ್ವರಕ್ಕೆ ಹೋಗುವ ಪ್ಯಾಸೆಂಜರ್ ಗಾಡಿಯ ಪ್ರಯಾಣದ ವಿಮರ್ಶೆ ಇದು. 2025ರ ಮೇ ತಿಂಗಳಲ್ಲಿ, ತಮಿಳುನಾಡಿನ ರಾಮೇಶ್ವರ ದ್ವೀಪವನ್ನು ನೆಲಕ್ಕೆ ಜೋಡಿಸುವ ಪಾಂಬನ್‌ನ ಹೊಸ ರೈಲು ಸೇತುವೆ ತೆರೆದು ಒಂದು ತಿಂಗಳಾದ ಮೇಲೆ, ಎಂಬತ್ತರ ಹತ್ತಿರಕ್ಕೆ ಬಂದಿರುವ ಆಯಿಯನ್ನು ಕರೆದುಕೊಂಡು ನಾನು ಆ ಸೇತುವೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಿದೆ. ಗಾಡಿ, ಸೀಟು, ಚಹಾ ಎಲ್ಲವೂ ನಮ್ಮ ಯಾವುದೇ ಪ್ಯಾಸೆಂಜರ್ ಗಾಡಿಯಲ್ಲಿ ಇರುವಂತೆಯೇ ಇದ್ದವು. ಅವುಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ನಾನು ಬರೆಯಹೊರಟಿರುವುದು ಸೇತುವೆಯ ಬಗ್ಗೆ, ಮುಪ್ಪಾದ ಒಂದು ಸೇತುವೆಯನ್ನು ಬದಲಿಸುವ ಕೆಲಸ ಅಲ್ಲಿ ಹೇಗೆ ನಡೆಯಿತು ಎಂಬುದರ ಬಗ್ಗೆ.

ಅದಕ್ಕೆ ಕಾರಣವಿದೆ. ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕಾಳಿ ನದಿಗೆ ಅಡ್ಡಲಾಗಿ ಸದಾಶಿವಗಡಕ್ಕೆ ಹೋಗುತ್ತಿದ್ದ ಹಳೆಯ ಹೆದ್ದಾರಿ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ತಮಿಳುನಾಡಿನವರಾದ ಅದರ ಚಾಲಕರನ್ನು ಪೊಲೀಸರೂ ನಮ್ಮ ಮೀನುಗಾರರೂ ಸೇರಿ ಜೀವಂತವಾಗಿ ದಡಕ್ಕೆ ತಂದರು. ನಲವತ್ತು ವರ್ಷ ಅದರ ಮೇಲೆ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ನಡೆದುಕೊಂಡು ಓಡಾಡಿದ ನಮಗೆ, ಬೆಳಗಾದಾಗ ಕಂಬಗಳ ನಡುವೆ ವಾರೆಯಾಗಿ ನೀರಿಗೆ ಇಳಿದಿದ್ದ ಕಾಂಕ್ರೀಟ್ ಹಾಸುಗಳನ್ನು ಕಂಡ ಮೇಲೆ ಯಾವ ಹಳೆಯ ಸೇತುವೆಯನ್ನೂ ಮೊದಲಿನ ನಂಬಿಕೆಯಿಂದ ನೋಡಲಾಗಲಿಲ್ಲ. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ಗೋವಾಕ್ಕೆ ಹೋಗುವ ದಾರಿ ಉಳಿಯಿತು. ಆದರೆ ಹಳೆಯದು ಕೊನೆಯ ಗಳಿಗೆಯವರೆಗೂ ವಾಹನಗಳನ್ನು ಹೊರುತ್ತಲೇ ಇತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಪಾಂಬನ್‌ನ ಹಳೆಯ ಸೇತುವೆಯ ಪರಿಚಯ ಆಯಿಗೆ ನನಗಿಂತ ಚೆನ್ನಾಗಿದೆ. ಮೀಟರ್ ಗೇಜ್ ಹಳಿ ಇದ್ದ ಕಾಲದಲ್ಲಿ ಊರಿನವರ ಜೊತೆ ಕಾಶಿ ಮುಗಿಸಿ ರಾಮೇಶ್ವರಕ್ಕೆ ಹೋಗಿದ್ದಾಗ ಅವರು ಅದನ್ನು ದಾಟಿದ್ದರು. 1914ರ ಫೆಬ್ರುವರಿ 24ರಂದು ತೆರೆದ ಆ ಸೇತುವೆಯೇ, 1988ರಲ್ಲಿ ಪಕ್ಕದ ರಸ್ತೆ ಸೇತುವೆ ಆಗುವವರೆಗೆ, ರಾಮೇಶ್ವರ ದ್ವೀಪವನ್ನು ನೆಲಕ್ಕೆ ಜೋಡಿಸಿದ್ದ ಒಂದೇ ಕೊಂಡಿಯಾಗಿತ್ತು. ಅದರ ಉದ್ದ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಕೊಂಕಣ ರೈಲ್ವೆಯ ಸೇತುವೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರುವುದರಿಂದ, ನಮ್ಮ ಜಿಲ್ಲೆಯವರು ಅದನ್ನು ನೆನೆದುಕೊಂಡರೆ ಅಳತೆ ಸಿಗುತ್ತದೆ. ಆದರೆ ಶರಾವತಿಯ ಅಳಿವೆಯ ನೀರೇ ಬೇರೆ, ತೆರೆದ ಕಡಲೇ ಬೇರೆ.

ಹಳೆಯ ಸೇತುವೆಯ ನಡುವಿನಲ್ಲಿ ಹಡಗುಗಳಿಗೆ ದಾರಿ ಬಿಡುವ ಅಂಕಣ, ಅಂದರೆ ಎರಡು ಕಂಬಗಳ ನಡುವಿನ ಭಾಗ, ಇತ್ತು. ಅಲ್ಲಿನವರು ಅದನ್ನು ತೂಕ್ಕುಪಾಲಂ, ಎತ್ತುವ ಸೇತುವೆ, ಎನ್ನುತ್ತಾರೆ. ಎರಡು ಉಕ್ಕಿನ ರೆಕ್ಕೆಗಳು ಎರಡೂ ಬದಿಗೆ ಹಿಂದಕ್ಕೆ ಉರುಳುತ್ತ ಮೇಲೇಳುವ ಈ ರಚನೆ ಷೆರ್ಜರ್ ಎಂಬ ಅಮೆರಿಕದ ಎಂಜಿನಿಯರರ ಹೆಸರಿನದು. ತೋಟಕ್ಕೆ ನೀರೆತ್ತುವ ಏತವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಒಂದು ತುದಿಯ ಭಾರ ಇನ್ನೊಂದು ತುದಿಯ ಭಾರವನ್ನು ತೂಗುತ್ತದೆ, ಮನುಷ್ಯನ ಬಲ ಬೇಕಾಗುವುದು ಅದನ್ನು ಹೊರಡಿಸುವುದಕ್ಕೆ ಮತ್ತು ಹಿಡಿತದಲ್ಲಿಡುವುದಕ್ಕೆ. ನೂರು ವರ್ಷಕ್ಕೂ ಹೆಚ್ಚು ಕಾಲ ಹಡಗು ಬಂದಾಗಲೆಲ್ಲ ಆಳುಗಳು ಕೈಯಿಂದಲೇ ಸನ್ನೆ ತಿರುಗಿಸಿ ಅದನ್ನು ತೆರೆದರು, ಮುಚ್ಚಿದರು.

1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತದಲ್ಲಿ ದ್ವೀಪದ ತುದಿಯಲ್ಲಿದ್ದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು ಕಡಲು ನುಂಗಿತು. ಅದರಲ್ಲಿದ್ದ ಯಾರೂ ಬದುಕಲಿಲ್ಲ. ಧನುಷ್ಕೋಡಿಯ ಹಳಿ ಮತ್ತೆ ಏಳಲೇ ಇಲ್ಲ. ಪಾಂಬನ್ ಸೇತುವೆಯಲ್ಲಿ ಹಳಿಯನ್ನು ಹೊರುವ ಉಕ್ಕಿನ ತೊಲೆಗಳಾದ 126 ಗರ್ಡರುಗಳು ಕೊಚ್ಚಿಹೋದವು, ಎತ್ತುವ ಅಂಕಣ ಮಾತ್ರ ನಿಂತಿತ್ತು. ದುರಸ್ತಿಗೆ ಆರು ತಿಂಗಳು ಬೇಕೆಂದು ಅಂದಾಜು ಮಾಡಿದ್ದ ಆ ಕೆಲಸವನ್ನು, ಕಡಲ ತಳದಲ್ಲಿ ಬಿದ್ದಿದ್ದ ಗರ್ಡರುಗಳನ್ನು ಮೀನುಗಾರರ ನೆರವಿನಿಂದ ಹುಡುಕಿಸಿ ಮೇಲೆತ್ತಿಸಿ, 46 ದಿನಗಳಲ್ಲಿ ಮುಗಿಸಿದ ಯುವ ಎಂಜಿನಿಯರ್ ಇ. ಶ್ರೀಧರನ್. ಮುಂದೆ 1990ರಿಂದ ಕೊಂಕಣ ರೈಲ್ವೆಯ ಹೊಣೆ ಹೊತ್ತು ಕಾರವಾರ, ಅಂಕೋಲಾ, ಕುಮಟಾ, ಭಟ್ಕಳಗಳಿಗೆ ಹಳಿ ತಂದವರೂ ಅವರೇ. ಶಿರವಾಡದ ನಮ್ಮ ನಿಲ್ದಾಣದಿಂದ ಗಾಡಿ ಹೊರಟಾಗ ನಾನು ಆಯಿಗೆ ಇದನ್ನು ಹೇಳಿದೆ. ತಾವು ದಾಟಿದ ಸೇತುವೆಯನ್ನು ಎಬ್ಬಿಸಿ ನಿಲ್ಲಿಸಿದವರೇ ನಮ್ಮೂರಿಗೂ ರೈಲು ತಂದರೆಂದು ತಿಳಿದು ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕಾರವಾರದಿಂದ ಬೆಂಗಳೂರಿಗೆ ರಾತ್ರಿ ಗಾಡಿ, ಅಲ್ಲಿಂದ ಮದುರೈಗೆ ಮತ್ತೊಂದು ರಾತ್ರಿ. ವಯಸ್ಸಾದವರಿದ್ದರೆ ಮದುರೈಯಲ್ಲಿ ಒಂದು ದಿನ ತಂಗಿ ಮುಂದೆ ಹೋಗುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು. ಮಾನಾಮದುರೈ, ಪರಮಕುಡಿ, ರಾಮನಾಥಪುರ ಕಳೆದ ಮೇಲೆ ನೆಲ ಬಯಲಾಗುತ್ತದೆ, ತಾಳೆ ಮರಗಳು ಹೆಚ್ಚುತ್ತವೆ, ಗಾಳಿಯಲ್ಲಿ ಉಪ್ಪು ತಿಳಿಯತೊಡಗುತ್ತದೆ. ಮಂಡಪಂ ಬಿಟ್ಟ ಕೂಡಲೇ ಸೇತುವೆ.

ಇಲ್ಲಿಯೇ ನನ್ನ ಮೊದಲ ಮೆಚ್ಚುಗೆಯನ್ನು ಹೇಳಬೇಕು, ಮತ್ತು ಅದು ಹೊಸ ಸೇತುವೆಗಿಂತ ಮೊದಲು ನಡೆದ ಒಂದು ತೀರ್ಮಾನಕ್ಕೆ ಸಲ್ಲಬೇಕು. ಹಳೆಯ ಸೇತುವೆಯ ಎತ್ತುವ ಅಂಕಣ ತುಕ್ಕಿನಿಂದ ಸವೆದಿತ್ತು. ಕೊನೆಯ ವರ್ಷಗಳಲ್ಲಿ ಗಾಡಿಗಳು ಅದರ ಮೇಲೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದ್ದವು. ಅದರ ಅದುರುವಿಕೆಯನ್ನು ಅಳೆಯಲು ಸಂವೇದಕಗಳನ್ನು ಅಳವಡಿಸಿದ್ದರು. ಅವು ಎಚ್ಚರಿಕೆ ಕೊಟ್ಟಾಗ 2022ರ ಡಿಸೆಂಬರ್ 23ರಂದು, ಚಂಡಮಾರುತ ಅಪ್ಪಳಿಸಿ 58 ವರ್ಷ ತುಂಬಿದ ಹೊತ್ತಿನಲ್ಲೇ, ರೈಲು ಸಂಚಾರವನ್ನು ನಿಲ್ಲಿಸಲಾಯಿತು. ಮತ್ತೆ ಅದರ ಮೇಲೆ ಯಾತ್ರಿಕರ ಗಾಡಿ ಓಡಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಯಾತ್ರಿಕರು ಈಚೆಯ ದಡದಲ್ಲಿಯೇ ಇಳಿದು, ಗಂಟುಮೂಟೆ ಹೊತ್ತು, ರಸ್ತೆಯ ಮೇಲೆ ರಾಮೇಶ್ವರಕ್ಕೆ ಹೋಗಬೇಕಾಯಿತು. ಆ ತೊಂದರೆ ಸಣ್ಣದಲ್ಲ, ವ್ಯಾಪಾರಕ್ಕೂ ಪೆಟ್ಟು ಬಿದ್ದಿರಲೇಬೇಕು. ಹಾಗಿದ್ದರೂ ಹೊಸದು ಮುಗಿಯುವವರೆಗೆ ಹೇಗಾದರೂ ಹಳೆಯದರ ಮೇಲೆಯೇ ನಡೆಸೋಣ ಎಂದು ಯಾರೂ ಹೊರಡಲಿಲ್ಲ. ಮುಪ್ಪಾದ ಸೇತುವೆಗೆ ಅದು ಬೀಳುವ ಮೊದಲೇ ಬಿಡುವು ಕೊಡುವುದು ಎಷ್ಟು ದೊಡ್ಡ ಕೆಲಸ ಎಂಬುದು ಕಾಳಿಯ ದಡದಲ್ಲಿ ಇರುವವರಿಗೆ ಗೊತ್ತು.

ಹೊಸ ಸೇತುವೆಯನ್ನು ಹಳೆಯದರ ಪಕ್ಕದಲ್ಲಿಯೇ ಕಟ್ಟಿದ್ದಾರೆ. 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ಕೆಲಸ, 550 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮುಗಿದು, 2025ರ ಏಪ್ರಿಲ್ 6ರ ರಾಮನವಮಿಯಂದು ಸಂಚಾರಕ್ಕೆ ತೆರೆಯಿತು. 18.3 ಮೀಟರ್ ಉದ್ದದ 99 ಅಂಕಣಗಳು, ನಡುವೆ 72.5 ಮೀಟರ್ ಉದ್ದದ ಎತ್ತುವ ಅಂಕಣ ಒಂದು. ಹಳೆಯದರಂತೆ ಇದು ರೆಕ್ಕೆ ಬಿಚ್ಚುವುದಿಲ್ಲ. ಇಡೀ ಅಂಕಣ, ಹಳಿಯ ಸಮೇತ, ಎರಡು ಗೋಪುರಗಳ ನಡುವೆ ನೇರವಾಗಿ 17 ಮೀಟರ್ ಮೇಲಕ್ಕೆ ಹೋಗುತ್ತದೆ. ಉಕ್ಕಿನ ಹಗ್ಗಗಳು ಗೋಪುರದ ನೆತ್ತಿಯ ರಾಟೆಗಳ ಮೇಲಿಂದ ಹಾದು, ಒಂದು ಕಡೆ ಅಂಕಣವನ್ನೂ ಇನ್ನೊಂದು ಕಡೆ ಅದನ್ನು ಸರಿತೂಗುವ ಭಾರವನ್ನೂ ಹಿಡಿದಿವೆ. ಎರಡು ತುದಿಗೂ ಕೊಡ ಕಟ್ಟಿದ ಬಾವಿಯ ರಾಟೆಯಂತೆ, ಒಂದು ಇಳಿದರೆ ಇನ್ನೊಂದು ಏರುತ್ತದೆ; ಹೀಗಾಗಿ ನೂರಾರು ಟನ್ ತೂಕದ ಉಕ್ಕನ್ನು ವಿದ್ಯುತ್ ಮೋಟಾರುಗಳು ಕೆಲವೇ ನಿಮಿಷಗಳಲ್ಲಿ ಎತ್ತಬಲ್ಲವು. ಕಡಲಿನ ಮೇಲೆ ಈ ಬಗೆಯ ಸೇತುವೆ ನಮ್ಮ ದೇಶದಲ್ಲಿ ಇದೇ ಮೊದಲನೆಯದು.

ನನ್ನ ಗಮನ ಹೆಚ್ಚಾಗಿ ಹೋದದ್ದು ತುಕ್ಕಿಗೆ ಮಾಡಿರುವ ಉಪಾಯದ ಕಡೆಗೆ. ಕರಾವಳಿಯಲ್ಲಿ ಮನೆ ಕಟ್ಟಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪಿನ ಅಂಶ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಊದಿಕೊಳ್ಳುತ್ತದೆ. ಊದಿದಾಗ ಸುತ್ತಲಿನ ಕಾಂಕ್ರೀಟ್ ಬಿರಿದು ಸಿಪ್ಪೆಯಾಗಿ ಉದುರುತ್ತದೆ. ಬಿರುಕಿನಿಂದ ಇನ್ನಷ್ಟು ಉಪ್ಪು ಒಳಗೆ ಹೋಗುತ್ತದೆ. ನಮ್ಮ ಮನೆಯ ಸಜ್ಜಾದಲ್ಲಿ ಹದಿನೈದು ವರ್ಷಕ್ಕೇ ಇದು ಕಾಣಿಸಿಕೊಂಡಿತು. ಪಾಂಬನ್‌ನಲ್ಲಿ ಇದನ್ನು ಎದುರಿಸಲು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನು ಬಳಸಿದ್ದಾರೆ, ಗರ್ಡರುಗಳಿಗೆ ಪಾಲಿಸಿಲೋಕ್ಸೇನ್ ಎಂಬ ವಿಶೇಷ ಬಣ್ಣದ ಲೇಪ ಕೊಟ್ಟಿದ್ದಾರೆ, ಜೋಡಣೆಗಳನ್ನು ವೆಲ್ಡಿಂಗ್‌ನಿಂದ ಮಾಡಿದ್ದಾರೆ. ನೀರು ನಿಲ್ಲುವ ಸಂದುಗೊಂದುಗಳು ಕಡಿಮೆಯಾದಷ್ಟೂ ತುಕ್ಕಿಗೆ ನೆಲೆ ಕಡಿಮೆ. ಇವೆಲ್ಲ ಖರ್ಚಿನ ಬಾಬತ್ತುಗಳು. ಆದರೂ ಕಡಲಿನಲ್ಲಿ ಕಟ್ಟುವಾಗ ಆರಂಭದಲ್ಲಿಯೇ ಖರ್ಚು ಮಾಡುವುದು ಸರಿ ಎಂದು ನಾನು ನಂಬಿದ್ದೇನೆ. ಮುಂದೊಂದು ದಿನ ಜೋಡಿ ಹಳಿ ಹಾಕಲು ಬೇಕಾದ ಅಡಿಪಾಯವನ್ನೂ ಈಗಲೇ ಮಾಡಿಟ್ಟಿರುವುದು ಇನ್ನೊಂದು ವಿವೇಕದ ಕೆಲಸ. ಸದ್ಯಕ್ಕೆ ಇರುವುದು ಒಂದೇ ಹಳಿ.

ಇನ್ನು ದಾಟಿದ ಅನುಭವ. ಗಾಡಿ ಸೇತುವೆಯನ್ನು ಹತ್ತಿದ್ದು ಗೊತ್ತೇ ಆಗಲಿಲ್ಲ ಎನ್ನುವಷ್ಟು ಸಲೀಸಾಗಿತ್ತು. ಒಂದು ಬದಿಯ ಕಿಟಕಿಯಲ್ಲಿ ಹಳೆಯ ಸೇತುವೆ ನಮ್ಮ ಜೊತೆಜೊತೆಗೇ ಓಡುತ್ತಿತ್ತು: ತಗ್ಗಿನಲ್ಲಿ, ಕೆಂಪಗೆ, ಕಂಬಕ್ಕೊಂದು ಕಂಬ ಒತ್ತೊತ್ತಾಗಿ, ನೀರಿಗೆ ಬಹಳ ಹತ್ತಿರವಾಗಿ. ಕೆಳಗೆ ಹಸಿರು ನೀಲಿ ನೀರಿನಲ್ಲಿ ಮೀನುಗಾರರ ದೋಣಿಗಳು. ಗೋಪುರಗಳ ನಡುವೆ ಬಂದಾಗ ಗಾಡಿಯ ಸದ್ದು ಬದಲಾಯಿತು, ಉಕ್ಕಿನ ನೆರಳು ಬೋಗಿಯೊಳಗೆ ಸರಸರನೆ ಹಾದುಹೋಯಿತು, ಮತ್ತೆ ಬಿಸಿಲು. ಕೈಗಡಿಯಾರ ನೋಡಿಕೊಂಡೆ, ಆರಂಭದಿಂದ ಕೊನೆಯವರೆಗೆ ಮೂರು ನಿಮಿಷದ ಆಸುಪಾಸು. ಹಿಂದೆ ಇದೇ ದೂರಕ್ಕೆ ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕಡಲಿಗೆ ಹಾಕಲೆಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ನಾಣ್ಯದ ಗಂಟನ್ನು ಆಯಿ ಬಿಚ್ಚುವಷ್ಟರಲ್ಲಿ ಪಾಂಬನ್ ನಿಲ್ದಾಣ ಬಂದಿತ್ತು. ಇಷ್ಟು ಬೇಗ ಮುಗಿಯಿತೇ ಎಂದು ಅವರು ಕೇಳಿದರು. ಆ ಪ್ರಶ್ನೆಯಲ್ಲಿ ನಿರಾಸೆ ಇತ್ತು, ಆದರೆ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಿಂದೆ ದಾಟಿದಾಗ ಇಡೀ ಬೋಗಿ ಉಸಿರು ಬಿಗಿಹಿಡಿದು ರಾಮನಾಮ ಹೇಳುತ್ತಿತ್ತು ಎಂದು ಅವರೇ ನೆನಪಿಸಿಕೊಂಡರು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಹಿಡಿದಿಟ್ಟುಕೊಳ್ಳಲು ಕಾರಣ ರೈಲ್ವೆ ಸುರಕ್ಷತಾ ಆಯುಕ್ತರ ವರದಿ. 2024ರ ನವೆಂಬರ್‌ನಲ್ಲಿ ಸೇತುವೆಯನ್ನು ಪರೀಕ್ಷಿಸಿದ ಅವರು, ಯೋಜನೆಯ ಹಂತದಿಂದಲೇ ಲೋಪಗಳಾಗಿವೆ ಎಂದು ಬರೆದಿದ್ದರು, ತುಕ್ಕಿನ ಬಗ್ಗೆಯೂ ಎಚ್ಚರಿಸಿದ್ದರು. ವಿನ್ಯಾಸವನ್ನು ಚೆನ್ನೈ ಮತ್ತು ಮುಂಬೈಗಳ ಐಐಟಿಗಳು ಪರಿಶೀಲಿಸಿವೆ ಎಂದು ರೈಲ್ವೆ ಉತ್ತರಿಸಿತು. ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ರೂಪಿಸಿದ ಸೇತುವೆಗೆ ಆಯುಕ್ತರು ಒಪ್ಪಿಗೆ ಕೊಟ್ಟದ್ದು 75ಕ್ಕೆ, ಎತ್ತುವ ಅಂಕಣದ ಮೇಲೆ 50ಕ್ಕೆ. ಕಟ್ಟಿದವರನ್ನು ಬಿಟ್ಟು ಇನ್ನೊಬ್ಬರು ಬಂದು, ನೋಡಿ, ತಪ್ಪೆಂದು ಕಂಡದ್ದನ್ನು ಬರೆದು, ವೇಗಕ್ಕೆ ಮಿತಿ ಹಾಕುವ ಈ ಪದ್ಧತಿಯಿಂದ ನನಗೆ ಧೈರ್ಯ ಬಂದಿದೆ. ಆದರೆ ಆ ಎಚ್ಚರಿಕೆಗಳ ಮೇಲೆ ವರ್ಷವರ್ಷವೂ ಏನು ಮಾಡಲಾಯಿತು ಎಂಬುದು ಸಾರ್ವಜನಿಕರಿಗೆ ತಿಳಿಯುತ್ತಿರಬೇಕು. ಬಣ್ಣ ಎಷ್ಟೇ ಒಳ್ಳೆಯದಿದ್ದರೂ ಹತ್ತು ಮಳೆಗಾಲ ಕಂಡ ಮೇಲೆ ಅದರ ಮಾತು ಬೇರೆ.

ಹಳೆಯ ಸೇತುವೆಯನ್ನು ಏನು ಮಾಡಬೇಕು ಎಂಬ ಬಗ್ಗೆಯೂ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಕಡಲಿನಲ್ಲಿ ಅದನ್ನು ಹಾಗೆಯೇ ತುಕ್ಕು ಹಿಡಿಯಲು ಬಿಟ್ಟರೆ ಒಂದು ದಿನ ಅದು ಯಾವುದೋ ದೋಣಿಯ ಮೇಲೆ ಬೀಳಬಹುದು. ಪೂಜ್ಯಭಾವದಿಂದ ಮಾಡಿದ ನಿರ್ಲಕ್ಷ್ಯವೂ ನಿರ್ಲಕ್ಷ್ಯವೇ. ಉದ್ದನೆಯ ಸಾಲನ್ನು ಬಿಚ್ಚಲಿ. ಆದರೆ 1964ರ ರಾತ್ರಿ ಅಲುಗದೆ ನಿಂತ ಆ ಎರಡು ರೆಕ್ಕೆಗಳನ್ನು, ಅವುಗಳ ಸನ್ನೆ ಮತ್ತು ಹಲ್ಲುಗಾಲಿಗಳ ಸಮೇತ, ಗುಜರಿಗೆ ಹಾಕದೆ ದಡದ ಮೇಲೆ ತಂದು ನಿಲ್ಲಿಸಿ, ಮಕ್ಕಳು ಹತ್ತಿರ ಹೋಗಿ ಮುಟ್ಟಿ ನೋಡುವಂತೆ ಮಾಡಬೇಕು. ಅವನ್ನು ತಿರುಗಿಸುತ್ತಿದ್ದ ಕೆಲಸಗಾರರ ನೆನಪೂ ಅಲ್ಲಿರಬೇಕು.

ಹೋಗುವವರಿಗೆ ಎರಡು ಮಾತು. ಸೇತುವೆಯನ್ನು ಹಗಲಿನಲ್ಲಿ ದಾಟುವ ಗಾಡಿಯನ್ನೇ ಆರಿಸಿಕೊಳ್ಳಿ. ರಾತ್ರಿ ಗಾಡಿಯಲ್ಲಿ ಹೋದರೆ ಕತ್ತಲೆಯ ಹೊರತು ಏನೂ ಕಾಣುವುದಿಲ್ಲ. ಗಾಡಿಯೊಳಗಿಂದ ಎತ್ತುವ ಅಂಕಣದ ರಚನೆ ಅರ್ಥವಾಗುವುದಿಲ್ಲವಾದ್ದರಿಂದ, ರಾಮೇಶ್ವರದಿಂದ ಒಮ್ಮೆ ರಸ್ತೆ ಸೇತುವೆಯವರೆಗೆ ಹೋಗಿ ಅಲ್ಲಿಂದ ನೋಡಿ. ನಾವು ಹೋದಾಗ ಹಳೆಯ ರೆಕ್ಕೆಗಳೂ ಹೊಸ ಗೋಪುರಗಳೂ ಒಂದೇ ನೋಟಕ್ಕೆ ಸಿಕ್ಕಿದ್ದವು. ಹಿಂದಿರುಗುವ ದಿನ ಆಯಿ ರಾಮೇಶ್ವರ ನಿಲ್ದಾಣದಲ್ಲಿಯೇ ಕಿಟಕಿಯ ಪಕ್ಕದ ಜಾಗ ಹಿಡಿದು, ಪಾಂಬನ್ ಬರುವ ಮೊದಲೇ ಗಂಟು ಬಿಚ್ಚಿ, ನಾಣ್ಯವನ್ನು ಮುಷ್ಟಿಯಲ್ಲಿ ಇಟ್ಟುಕೊಂಡು ಕೂತಿದ್ದರು.