ದೇವಬಾಗವೋ ಕೂರ್ಮಗಡವೋ: ಕಾರವಾರದಲ್ಲಿ ಬೇಸಿಗೆಯ ಒಂದು ದಿನ

ಮಕ್ಕಳು, ಹಿರಿಯರು ಜೊತೆಗಿದ್ದರೆ ಯೋಚಿಸುವುದೇ ಬೇಡ, ದೇವಬಾಗಕ್ಕೆ ಹೋಗಿ. ಕಾಳಿ ಸೇತುವೆ ದಾಟಿ ಸದಾಶಿವಗಡದಿಂದ ತಿರುಗಿದರೆ ರಸ್ತೆಯಲ್ಲೇ ಊರು ಮುಟ್ಟಬಹುದು. ಇದು ದ್ವೀಪವಲ್ಲ, ನಾಲಗೆಯಂತೆ ಚಾಚಿದ ಮರಳುದಿಣ್ಣೆ: ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ನಡುವೆ ಗಾಳಿಮರಗಳ ತೋಪು. ಏಪ್ರಿಲ್‌ನ ಹನ್ನೊಂದು ಗಂಟೆಗೆ ಚಪ್ಪಲಿ ಬಿಟ್ಟು ಮರಳಿಗಿಳಿದ ನಾನು ಹತ್ತು ಹೆಜ್ಜೆಗೇ ಕುಣಿಯುತ್ತ ಆ ನೆರಳಿಗೆ ಓಡಿದ್ದೆ. ಅಲ್ಲಿ ಉದುರಿದ ಸೂಜಿಯೆಲೆಗಳ ಹಾಸು ತಣ್ಣಗಿತ್ತು, ಆದರೆ ಅದರೊಳಗಿನ ಪುಟ್ಟ ಒಣಕಾಯಿಗಳು ಅಂಗಾಲಿಗೆ ಚುಚ್ಚಿದವು. ಅಳಿವೆಯ ತುದಿಯಲ್ಲಿ ಮಾತ್ರ ಈಜಬೇಡಿ, ಇಳಿತದ ಹೊತ್ತಿಗೆ ಸೆಳೆತ ಜೋರು.

ಕೂರ್ಮಗಡ ನಿಜವಾದ ದ್ವೀಪ. ಆಮೆಯ ಬೆನ್ನಿನಂತಹ ಗುಡ್ಡ, ಮೇಲೆ ನರಸಿಂಹನ ಗುಡಿ, ಮರಳು ಕಡಿಮೆ, ಬಂಡೆ ಹೆಚ್ಚು. ಏರುವಾಗ ಬೆವರಿಳಿಯುತ್ತದೆ, ಮೇಲಿನ ಗಾಳಿಗೆ ಅದೆಲ್ಲ ಮರೆತುಹೋಗುತ್ತದೆ. ದೋಣಿಯ ಬಾಡಿಗೆಯನ್ನೂ ಮರಳುವ ಸಮಯವನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ. 2019ರ ಜನವರಿಯಲ್ಲಿ ಇಲ್ಲಿನ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಗುಚಿ ಹಲವರು ಸತ್ತದ್ದನ್ನು ಕಾರವಾರ ಮರೆತಿಲ್ಲ. ನೀರು, ಊಟ ಜೊತೆಗೇ ಇರಲಿ.

ನಾನಾದರೆ ಬೇಸಿಗೆಗೆ ದೇವಬಾಗ, ಡಿಸೆಂಬರ್‌ಗೆ ಕೂರ್ಮಗಡ ಎನ್ನುತ್ತೇನೆ. ಸಂಜೆ ಉಳಿದರೆ ಮಾಜಾಳಿಯ ಕಡೆ ಹೋಗಿ ತೀಳ್ಮಾತಿ ಕಡಲತೀರದ ಎಳ್ಳಿನಂತಹ ಕಪ್ಪು ಮರಳನ್ನು ಒಂದು ಹಿಡಿ ಎತ್ತಿ ನೋಡಿ.